ಮಗಳಿಗೆ ಕೇಳಿಸುವ ಹೈಸ್ಕೂಲು

ನನ್ನ ಮಗಳು ಏಳನೇ ತರಗತಿ ಮುಗಿಸಿದ ವರ್ಷ, ಮೇ ತಿಂಗಳಲ್ಲಿ, ನನಗೆ ಬಾದಾಮಿಯಿಂದ ಬಾಗಲಕೋಟೆ ಡಿಪೋಕ್ಕೆ ವರ್ಗವಾಯಿತು. ನಾನು ಬಸ್ ಕಂಡಕ್ಟರ್. ವರ್ಗವನ್ನು ನಾನೇ ಕೇಳಿಕೊಂಡಿದ್ದೆ. ನನ್ನ ಗಂಡನಿಗೆ ನವನಗರದಲ್ಲಿ ಹೊಸದಾಗಿ ಏಳುತ್ತಿದ್ದ ಮನೆಗಳಲ್ಲಿ ಟೈಲ್ಸ್ ಕೂರಿಸುವ ಕೆಲಸ ಸಾಲಾಗಿ ಸಿಗುತ್ತಿತ್ತು. ವಾರಕ್ಕೊಮ್ಮೆ ಮನೆಗೆ ಬಂದು ಮರುದಿನವೇ ಚೀಲ ಹೆಗಲಿಗೆ ಹಾಕಿಕೊಂಡು ಹೋಗುವುದು ಅವರಿಗೂ ಸಾಕಾಗಿತ್ತು, ನಮಗೂ ಸಾಕಾಗಿತ್ತು.

ಮಗಳ ಕಿವಿಯ ವಿಷಯ ಮೊದಲೇ ಹೇಳಿಬಿಡಬೇಕು. ಎರಡನೇ ತರಗತಿಯಲ್ಲಿದ್ದಾಗ ಅವಳಿಗೊಂದು ಜ್ವರ ಬಂದು ಹದಿನೈದು ದಿನ ಕಾಡಿತು. ಹೋಗುವಾಗ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತೆಗೆದುಕೊಂಡು ಹೋಯಿತು. ಬಲಗಿವಿಗೆ ಮಷಿನ್ ಹಾಕಿಸಿದೆವು. ಮಷಿನ್ ಹಾಕಿದ ಮೇಲೆ ಎಲ್ಲ ಸರಿಹೋಯಿತು ಎಂದು ಜನ ತಿಳಿಯುತ್ತಾರೆ. ನಾವೂ ಹಾಗೇ ತಿಳಿದಿದ್ದೆವು. ಆದರೆ ಆ ಮಷಿನ್ನಿಗೆ ಮಾಸ್ತರರ ಮಾತು ಯಾವುದು, ಫ್ಯಾನಿನ ಸದ್ದು ಯಾವುದು ಎಂಬ ಭೇದವಿಲ್ಲ. ಬೆಂಚು ಎಳೆದ ಸದ್ದು, ಹೊರಗೆ ಟ್ರ್ಯಾಕ್ಟರ್ ಹೋದ ಸದ್ದು, ಎಲ್ಲವನ್ನೂ ಅದು ಒಂದೇ ಸಮ ಕಿವಿಗೆ ಸುರಿಯುತ್ತದೆ. ಅದರೊಳಗಿಂದ ಮಾತನ್ನು ಆರಿಸಿಕೊಳ್ಳುವುದು ಅವಳ ಕೆಲಸ. ಕೇಳಿಸದೆ ಉಳಿದದ್ದನ್ನು ಎದುರಿನವರ ತುಟಿ ನೋಡಿ ಹೊಂದಿಸಿಕೊಳ್ಳುತ್ತಾಳೆ.

ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ನಮ್ಮ ಮನೆ ಇತ್ತು. ಏಳನೆಯವರೆಗೆ ಅವಳು ಓದಿದ್ದು ಅಲ್ಲಿನ ಸರಕಾರಿ ಶಾಲೆಯಲ್ಲಿ. ಅಲ್ಲಿ ಅವಳ ಕಿವಿಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಕಿರಾಣಿ ಅಂಗಡಿಯವರು ಕೂಡ ಅವಳ ಬಲಗಡೆಗೆ ಬಂದು ಮಾತಾಡುತ್ತಿದ್ದರು. ಬಾಗಲಕೋಟೆಯಲ್ಲಿ ನಮ್ಮನ್ನು ಯಾರು ಬಲ್ಲರು? ಎಂಟನೇ ತರಗತಿಗೆ ಹೈಸ್ಕೂಲು ಹುಡುಕಬೇಕು, ಜೂನ್ ಬಂದೇ ಬಿಟ್ಟಿತು. ಖಾಸಗಿ ಶಾಲೆಯ ಮಾತು ಮನೆಯಲ್ಲಿ ಒಮ್ಮೆ ಬಂತು. ನಾವಿಬ್ಬರೂ ಓದಿದ್ದು ಸರಕಾರಿ ಶಾಲೆಯಲ್ಲೇ, ಅವಳೂ ಅಲ್ಲೇ ಓದಲಿ ಎಂದು ಬಿಟ್ಟೆವು. ಬಾಡಿಗೆ ಮನೆಯಿಂದ ಹೋಗಿ ಬರಲು ಆಗುವಂಥ ಸರಕಾರಿ ಹೈಸ್ಕೂಲುಗಳು ಮೂರು. ಯಾವುದು ಚಲೋ ಎಂದು ಕೇಳಿದರೆ ಡಿಪೋದಲ್ಲಿ ಹತ್ತು ಜನ ಹತ್ತು ಥರ ಹೇಳಿದರು.

ನಾನು ವಾರದ ರಜೆಗೆ ಇನ್ನೆರಡು ದಿನ ಸೇರಿಸಿ ಮೂರು ದಿನ ಬಿಡುವು ಮಾಡಿಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಶಾಲೆಗೊಂದರಂತೆ ಮೂರು ಮನೆ ಮಾಡಿದೆ. ಫಲಿತಾಂಶ, ಶಿಕ್ಷಕರು, ನೀರು, ಶೌಚಾಲಯ, ಲ್ಯಾಬ್, ಹೋಗಿ ಬರುವ ಬಸ್ಸು, ಹೀಗೆ ಬರೆದುಕೊಂಡೆ. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಯವ್ವಾ, ಕೇಳಸೂದು ಬರದೇ ಇಲ್ಲಲ್ಲ," ಎಂದಳು.

"ಅದನ್ನ ಹೆಂಗ ಬರೀಬೇಕು?" ಎಂದೆ.

"ನೀ ಬರೀಬ್ಯಾಡ ಬಿಡು. ನಾ ನೋಡ್ತೇನಿ."

ಮೊದಲ ದಿನ ನವನಗರದ ಹೈಸ್ಕೂಲಿಗೆ ಹೋದೆವು. ಮನೆಗೆ ಹತ್ತಿರ, ನಡೆದೇ ಹೋಗಬಹುದು. ಗಂಡನಿಗೆ ಮನಸ್ಸಿದ್ದದ್ದು ಅದರ ಮೇಲೆಯೇ, ಏಕೆಂದರೆ ಆ ಶಾಲೆಯ ವರಾಂಡಕ್ಕೆ ಟೈಲ್ಸ್ ಹಾಕಿದವರಲ್ಲಿ ಅವರೂ ಒಬ್ಬರು. ಹೊಸ ಕಟ್ಟಡ, ಗೋಡೆಗೆ ಒಳ್ಳೆಯ ಬಣ್ಣ, ಶುದ್ಧ ನೀರಿನ ಯಂತ್ರ, ಹುಡುಗಿಯರಿಗೆ ನಾಲ್ಕು ಶೌಚಾಲಯ, ನಾಲ್ಕಕ್ಕೂ ಚಿಲಕ. ನನ್ನ ನೋಟ್‌ಬುಕ್ಕಿನ ಮೊದಲ ಮನೆ ತುಂಬಿಯೇ ಹೋಯಿತು. ಅಲ್ಲಿನ ಶಿಕ್ಷಕರೊಬ್ಬರು ಬಹಳ ಅಭಿಮಾನದಿಂದ ನಮ್ಮನ್ನು ಎಂಟನೇ ತರಗತಿಗೆ ಕರೆದುಕೊಂಡು ಹೋಗಿ, ಮಗಳನ್ನು ಎರಡನೇ ಬೆಂಚಿನಲ್ಲಿ ಕೂರಿಸಿ ಸ್ಮಾರ್ಟ್ ಬೋರ್ಡ್ ತೋರಿಸಿದರು. ಪರದೆ ಎಳೆದು, ದೀಪ ಆರಿಸಿ, ಹೃದಯ ರಕ್ತವನ್ನು ಹೇಗೆ ಒತ್ತುತ್ತದೆ ಎಂಬ ಚಿತ್ರ ಓಡಿಸಿದರು. ನಾನು ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದೆ. ನನ್ನ ಕಾಲಕ್ಕೆ ಹೃದಯವನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು, ಅದೂ ಮಾವಿನಹಣ್ಣಿನಂತೆ ಕಾಣುತ್ತಿತ್ತು.

ಹೊರಗೆ ಬಂದ ಮೇಲೆ ಮಗಳನ್ನು ಕೇಳಿದೆ. "ಭಾಳ ಚಲೋ ಐತಿ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಆದ್ರ ಕತ್ತಲದಾಗ ಸರ್ ಬಾಯಿ ಕಾಣಸಲಿಲ್ಲ. ಚಿತ್ರ ನೋಡಿದೆ, ಅಷ್ಟ," ಎಂದಳು. ಶಾಲೆಯ ಪಕ್ಕದಲ್ಲೇ ದೊಡ್ಡ ರಸ್ತೆ. ಹಗಲೆಲ್ಲ ಲಾರಿ ಓಡುತ್ತವೆ. ನನ್ನ ಬಸ್ಸೂ ಅದೇ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತ ಹೋಗುತ್ತದೆ ಎಂಬುದು ಆಗ ನೆನಪಾಯಿತು.

ಎರಡನೇ ದಿನ ಹಳೇ ಊರಿನ ಹೈಸ್ಕೂಲು. ನನ್ನ ಮನಸ್ಸಿದ್ದದ್ದು ಇದರ ಮೇಲೆ. ಕಲ್ಲಿನ ಕಟ್ಟಡ, ಆನೆ ನುಗ್ಗುವಷ್ಟು ಎತ್ತರದ ಬಾಗಿಲು, ಗೋಡೆಯ ಮೇಲೆ ವರ್ಷವರ್ಷವೂ ಮೊದಲು ಬಂದವರ ಹೆಸರಿನ ಫಲಕ. ಆ ಫಲಕದಲ್ಲಿರುವ ಒಬ್ಬರು ನಮ್ಮ ಡಿಪೋದ ಮೇಲಧಿಕಾರಿ. ಇಲ್ಲಿ ಓದಿದವರು ಏನಾದರೂ ಆಗುತ್ತಾರೆ ಎಂದು ನನಗೆ ಖಾತ್ರಿ ಅನಿಸಿತು.

ಊಟದ ಬಿಡುವು. ಎಂಟನೇ ತರಗತಿಯ ಕೋಣೆ ಖಾಲಿ ಇತ್ತು. ನೋಡುತ್ತೇವೆ ಎಂದು ಕೇಳಿದ್ದಕ್ಕೆ ಶಾಲೆಯ ಸಿಪಾಯಿ ಒಳಗೆ ಬಿಟ್ಟರು. ಮಗಳು ನೇರ ಹಿಂದಿನ ಬೆಂಚಿಗೆ ಹೋಗಿ ಕುಳಿತಳು.

"ಯವ್ವಾ, ನೀ ಬೋರ್ಡ್ ಕಡೆ ಮಕ ಮಾಡಿ ಏನರ ಮಾತಾಡು. ನಾ ಏನು ಕೇಳಸ್ತೈತಿ ಅದನ್ನ ಹೇಳ್ತೇನಿ."

ನಾನು ತಿರುಗಿ ನಿಂತು, ಬಸ್ಸಿನಲ್ಲಿ ಕೂಗಿ ಕೂಗಿ ಗಟ್ಟಿಯಾದ ದನಿಯಲ್ಲಿ, "ಅಮೀನಗಡದ ಕರದಂಟು ತಿಂತೀ ಏನು?" ಎಂದೆ. ದನಿ ಮೇಲೆ ಹೋಗಿ, ಗೋಡೆಗೆ ಬಡಿದು, ಎರಡು ಸಲ ತಿರುಗಿ ಬಂತು.

ಮಗಳು ಸ್ವಲ್ಪ ಯೋಚಿಸಿ, "ಆ ಮನಿ ಕಡೆ ಯಾರದೋ ಗಂಟು ಅಂದಿ," ಎಂದಳು.

ನಾನು ನಕ್ಕೆ. ಅವಳೂ ನಕ್ಕಳು. ಬಾಗಿಲಲ್ಲಿ ಇನ್ನೊಬ್ಬರು ನಕ್ಕ ಸದ್ದು ಕೇಳಿ ತಿರುಗಿ ನೋಡಿದೆ. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು, ತಲೆ ಮೇಲೆ ಸೆರಗು ಹೊದ್ದು, ಸುಮಾರು ಐವತ್ತರ ವಯಸ್ಸಿನ ಟೀಚರ್ ಒಬ್ಬರು ನಿಂತಿದ್ದರು. ಗಣಿತ ಕಲಿಸುವವರಂತೆ. ಒಳಗೆ ಬಂದು ಮಗಳ ಕಿವಿಯ ಮಷಿನ್ ನೋಡಿದರು. ಎಷ್ಟು ಕೇಳಿಸುತ್ತದೆ, ಎಂದಿನಿಂದ ಹೀಗೆ ಎಂದು ನನ್ನನ್ನು ಕೇಳಿದರು. ನಾನು ಎಲ್ಲ ಹೇಳಿದೆ. ಅವರು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು.

"ಖರೆ ಹೇಳ್ತೇನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು. "ಈ ಒಂದು ವರ್ಗದಾಗ ಅರವತ್ತರ ಮ್ಯಾಲ ಮಕ್ಕಳದಾರ. ನಾ ಹಿಂದಿನ ಸಾಲಿನ ತನಕ ಮುಟ್ಟಬೇಕಂದ್ರ ಒದರಬೇಕು. ಒದರಿದ್ರ ಈ ಕೋಣಿ ಹೆಂಗ ಗುಂಯ್ ಅಂತೈತಿ, ಈಗ ನೀವ ಕೇಳಿದ್ರಿ. ನಿಮ್ಮ ಮಗಳು ಇಲ್ಲಿ ಸುಮ್ನ ಕುಂಡ್ರತಾಳ. ಪಾಸೂ ಆಗ್ತಾಳ. ಆದ್ರ ಬರೇ ಕುಂಡ್ರತಾಳ. ವಿದ್ಯಾಗಿರಿ ದಾಟಿ ಹೋದ್ರ ಒಂದು ಸಣ್ಣ ಹೈಸ್ಕೂಲ್ ಐತಿ. ಅದನ್ನ ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಕಿವಿ ಕೇಳದ ಹುಡುಗಿ ತಮಗೆ ಬೇಡ, ಫಲಿತಾಂಶ ಕೆಡುತ್ತದೆ ಎಂದು ಸಾಗಹಾಕುತ್ತಿದ್ದಾರೆ ಎಂದೇ ತಿಳಿದೆ. ಹದಿನಾಲ್ಕು ವರ್ಷ ಬಸ್ಸಿನಲ್ಲಿ ಎಂಥೆಂಥವರನ್ನೋ ಸಂಭಾಳಿಸಿದ ನಾನು ಅವತ್ತು ಸಂಭಾಳಿಸಿಕೊಳ್ಳಲಿಲ್ಲ.

"ಇದು ಸರಕಾರಿ ಸಾಲಿ ಐತ್ರಿ. ಸೀಟ್ ಇಲ್ಲ ಅನ್ನಾಕ ನಿಮಗ ಅಧಿಕಾರ ಇಲ್ಲ. ನಮ್ಮ ಹುಡುಗಿ ಕಿವಿ ಮಂದ ಐತಿ, ತಲಿ ಅಲ್ಲ," ಎಂದೆ. ದನಿ ಎತ್ತರಿಸಿಯೇ ಎಂದೆ.

ಅವರು ದನಿ ಎತ್ತಲಿಲ್ಲ. "ಸೀಟ್ ಐತ್ರಿ. ತಲಿ ಚಲೋ ಐತಿ ಅಂತನ ಹೇಳಾಕತ್ತೇನಿ," ಎಂದರು. ಆಫೀಸಿಗೆ ಹೋಗಿ ಪ್ರವೇಶದ ಅರ್ಜಿ ತಂದು ನನ್ನ ಕೈಗೆ ಕೊಟ್ಟರು. "ಇದನ್ನ ಇಟ್ಕೋರಿ. ಅದನ್ನೂ ನೋಡಿ ಬರ್ರಿ. ಆಮ್ಯಾಲೂ ನಿಮಗ ಇದ ಬೇಕನಿಸಿದ್ರ ನಾನ ದಾಖಲ ಮಾಡಸ್ತೇನಿ."

ಮಗಳು ದೂರದಲ್ಲಿ ನಿಂತು ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದಳು. ಎಷ್ಟು ಅರ್ಥವಾಯಿತೋ, ನಾನು ಕೇಳಲಿಲ್ಲ. ಅರ್ಜಿಯನ್ನು ನೋಟ್‌ಬುಕ್ಕಿನೊಳಗೆ ಮಡಚಿಟ್ಟು ಬಸ್ಸು ಹತ್ತಿದೆ.

ಮೂರನೇ ದಿನ ಆ ಸಣ್ಣ ಶಾಲೆಗೆ ಹೋದದ್ದು ಅವಳ ಒತ್ತಾಯಕ್ಕೆ. ಸಿಟಿ ಬಸ್ಸು ಇಳಿದು ಒಂದು ಕಿಲೋಮೀಟರ್ ನಡೆಯಬೇಕು. ಐದಾರು ಕೋಣೆಗಳ ಗಿಡ್ಡ ಕಟ್ಟಡ, ಮುಂದೆ ಎರಡು ಬೇವಿನ ಮರ, ಸುತ್ತ ಖಾಲಿ ಪ್ಲಾಟುಗಳು. ಶೌಚಾಲಯದ ಒಂದು ಬಾಗಿಲಿಗೆ ಚಿಲಕವಿರಲಿಲ್ಲ. ಲ್ಯಾಬ್ ಅಂದರೆ ಒಂದು ಕಪಾಟು. ನನ್ನ ನೋಟ್‌ಬುಕ್ಕಿನ ಮೂರನೇ ಮನೆ ಹಾಗೇ ಬರಿದಾಗಿ ಉಳಿಯುತ್ತ ಹೋಯಿತು.

ಹೆಡ್ ಮಾಸ್ತರರು ಮರದ ಕೆಳಗೆ ನಿಂತು ಮಕ್ಕಳ ಕೈಯಲ್ಲಿ ಪುಸ್ತಕದ ಕಟ್ಟು ಎತ್ತಿಸುತ್ತಿದ್ದರು. ತೆಳ್ಳಗಿನ ಮನುಷ್ಯ, ಹಣೆಗೆ ವಿಭೂತಿ, ಅಂಗಿಯ ತೋಳು ಮಡಚಿದ್ದರು. ನಾನು ಹಿಂದಿನ ದಿನದ ಸಿಟ್ಟನ್ನು ಇನ್ನೂ ಇಳಿಸಿರಲಿಲ್ಲ. "ನಮ್ಮ ಹುಡುಗಿಗೆ ಕಿವಿ ಸರಿ ಕೇಳಂಗಿಲ್ರಿ. ತಗೋತೀರೇನು?" ಎಂದು ನೇರವಾಗಿ ಕೇಳಿದೆ.

ಅವರು ನನಗೆ ಉತ್ತರ ಕೊಡಲಿಲ್ಲ. ಮಗಳ ಎದುರಿಗೆ ಬಂದು, ಅವಳ ಮುಖಕ್ಕೆ ಸರಿಯಾಗಿ ತಮ್ಮ ಮುಖ ತಂದು, ನಿಧಾನವಾಗಿ, "ನಿನಗ ಯಾವ ಕಡೆಯಿಂದ ಚಲೋ ಕೇಳಸ್ತೈತಿ ಯವ್ವಾ?" ಎಂದರು.

ಅಲ್ಲಿಯವರೆಗೆ ದವಾಖಾನೆಯಲ್ಲಿ, ಶಾಲೆಯಲ್ಲಿ, ನೆಂಟರ ಮನೆಯಲ್ಲಿ ಎಲ್ಲರೂ ಆ ಪ್ರಶ್ನೆಯನ್ನು ನನಗೆ ಕೇಳಿದ್ದರು. ಅವಳನ್ನು ಕೇಳಿದವರು ಇವರೇ ಮೊದಲಿಗರು. ಮಗಳು ಬಲಗಿವಿ ಮುಟ್ಟಿ ತೋರಿಸಿದಳು. ಅವರು ಎಂಟನೇ ತರಗತಿಗೆ ಕರೆದೊಯ್ದರು. ಇಪ್ಪತ್ತು ಇಪ್ಪತ್ತೈದು ಮಕ್ಕಳಿದ್ದರು. ಎಡಗಡೆಯ ಕಿಟಕಿಯ ಬದಿಗೆ, ಮುಂದಿನಿಂದ ಎರಡನೆಯ ಬೆಂಚು ಖಾಲಿ ಮಾಡಿಸಿ ಅವಳನ್ನು ಕೂರಿಸಿದರು. ಅಲ್ಲಿ ಕುಳಿತರೆ ಇಡೀ ತರಗತಿ ಅವಳ ಬಲಕ್ಕೆ ಬರುತ್ತಿತ್ತು. ಬೆಳಕು ಹೇಳಿಕೊಡುವವರ ಮುಖದ ಮೇಲೆ ಬೀಳುತ್ತಿತ್ತು. ಅರ್ಧ ತಾಸು ಅವರು ಸಮಾಜ ವಿಜ್ಞಾನ ಪಾಠ ಮಾಡಿದರು. ನಡುವೆ ಮಗಳನ್ನು ಒಂದು ಪ್ರಶ್ನೆ ಕೇಳಿದರು. ಅವಳು ಎದ್ದು ನಿಂತು ಉತ್ತರ ಕೊಟ್ಟಳು. ಉತ್ತರ ತಪ್ಪಾಗಿತ್ತು, ಆದರೆ ಪ್ರಶ್ನೆ ಪೂರ್ತಿ ಕೇಳಿಸಿತ್ತು.

ಹೊರಡುವಾಗ ಅವರು ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ ನಕ್ಕರು. "ಬರಕೋರಿ. ಹಿಂದಿ ಕಲಸಾವ್ರು ಇಲ್ಲ, ಜಾಗಾ ಖಾಲಿ ಐತಿ. ಗಣಿತದ ಸರ್ ಮುಂದಿನ ವರ್ಷ ನಿವೃತ್ತಿ ಆಗ್ತಾರ, ಆಮ್ಯಾಲ ಯಾರು ಬರ್ತಾರ ನನಗೂ ಗೊತ್ತಿಲ್ಲ. ಚಿಲಕಾ ಈ ವಾರ ಹಾಕಸ್ತೇನಿ. ನಮ್ಮ ರಿಸಲ್ಟ್ ಹಳೇ ಊರಿನ ಸಾಲಿಯಷ್ಟು ಬರಂಗಿಲ್ರಿ, ಸುಳ್ಳು ಯಾಕ ಹೇಳ್ಲಿ?"

ಆ ಸಂಜೆ ಮನೆಯಲ್ಲಿ ಚರ್ಚೆ ನಡೆಯಿತು. ಗಂಡ ನವನಗರ ಎಂದರು, ನಾನು ಹಳೇ ಊರು ಎಂದೆ. ಆ ಟೀಚರಿಗೆ ಬುದ್ಧಿ ಕಲಿಸಲಾದರೂ ಅಲ್ಲೇ ಸೇರಿಸಬೇಕು ಎಂಬ ಹಟ ನನಗಿತ್ತು. ಮಗಳು ರೊಟ್ಟಿ ತಿನ್ನುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕೊನೆಗೆ ಕೈ ತೊಳೆದು ಬಂದು ಹೇಳಿದಳು.

"ನೀವಿಬ್ರೂ ಚಲೋ ಸಾಲಿ ಯಾವುದು ಅಂತ ಹೇಳಾಕತ್ತೀರಿ. ನನಗ ಮೂರೂ ಚಲೋನ ಅನಸ್ಯಾವ. ಆದ್ರ ತಿಳೀಲಿಲ್ಲಂದ್ರ ಎದ್ದು ಕೇಳಬಹುದು ಅಂತ ಧೈರ್ಯ ಬಂದದ್ದು ಆ ಸಣ್ಣ ಸಾಲಿಯಾಗ."

ಗಂಡ ನನ್ನ ಮುಖ ನೋಡಿದರು. "ಓದಾಕಿ ಅಕಿ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಆದರೆ ನಾನು ಪೂರ್ತಿ ಒಪ್ಪಿರಲಿಲ್ಲ. ಅವಳನ್ನು ಅಲ್ಲಿ ಸೇರಿಸಿದ ಮೇಲೂ ಹಳೇ ಊರಿನ ಶಾಲೆಯ ಅರ್ಜಿಯನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆ. ನಾನು ಆಗ ಬಾಗಲಕೋಟೆ–ಇಳಕಲ್ ಗಾಡಿಯ ಮೇಲಿದ್ದೆ. ದಿನಾ ಅಮೀನಗಡ, ಹುನಗುಂದ ದಾಟಿ ಹೋಗುವಾಗ, ಹುನಗುಂದದಲ್ಲಿ ನಾನೇ ಓದಿದ ಹೈಸ್ಕೂಲು ಇರುವ ಓಣಿ ಕಾಣುತ್ತದೆ. ನನ್ನ ತವರು ಅಮೀನಗಡದ ಹತ್ತಿರದ ಹಳ್ಳಿ. ನಾವು ಏಳು ಹುಡುಗಿಯರು ಬಸ್ಸಿನಲ್ಲಿ ಹುನಗುಂದಕ್ಕೆ ಹೋಗುತ್ತಿದ್ದೆವು. ಬಸ್ಸು ವಾರದಲ್ಲಿ ನಾಲ್ಕು ದಿನ ತಡ. ನಾವು ಒಳಗೆ ಹೋಗುವಷ್ಟರಲ್ಲಿ ಮೊದಲ ಅವಧಿಯ ಗಣಿತ ಅರ್ಧ ಮುಗಿದಿರುತ್ತಿತ್ತು. ಒಂದು ದಿನ ನಮ್ಮ ಹೆಡ್ ಮಾಸ್ತರರು ವೇಳಾಪಟ್ಟಿಯನ್ನೇ ಬದಲಿಸಿ ಮೊದಲ ಅವಧಿಯನ್ನು ಓದುವ ಅವಧಿ ಮಾಡಿದರು. ಮಕ್ಕಳು ತಮ್ಮ ಪಾಡಿಗೆ ಪುಸ್ತಕ ಓದಿಕೊಳ್ಳಬೇಕು; ಪಾಠ ಶುರುವಾಗುವುದು ಎರಡನೇ ಅವಧಿಗೆ. ಯಾಕೆ ಹಾಗೆ ಮಾಡಿದರು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ಏಳು ಜನರಿಗೂ ಆ ವರ್ಷದಿಂದ ಗಣಿತ ಅರ್ಥವಾಗತೊಡಗಿತು, ಅಷ್ಟೇ ಗೊತ್ತು. ಮೂವತ್ತು ವರ್ಷವಾದ ಮೇಲೆ, ಅದೇ ರಸ್ತೆಯಲ್ಲಿ ಟಿಕೆಟ್ ಹರಿಯುತ್ತ ನಿಂತಾಗ, ಅವರು ಅದನ್ನು ನಮಗಾಗಿ ಮಾಡಿದ್ದರು ಎಂದು ಹೊಳೆಯಿತು. ಕಣ್ಣು ತುಂಬಿ ಬಂತು. ಎದುರಿಗಿದ್ದ ಮುದುಕಿ, "ಯಾಕವ್ವಾ, ಕಣ್ಣಾಗ ಧೂಳ ಹೋತೇನು?" ಎಂದಳು. ಹೌದೆಂದೆ. ಆ ರಾತ್ರಿ ಮನೆಗೆ ಬಂದು ಅರ್ಜಿಯನ್ನು ಹರಿದುಬಿಟ್ಟೆ.

ಮೊದಲ ಮೂರು ತಿಂಗಳು ಸುಲಭವಾಗಿರಲಿಲ್ಲ. ವಿಜ್ಞಾನ ಹೇಳುವವರಿಗೆ ಬೋರ್ಡಿನ ಮೇಲೆ ಬರೆಯುತ್ತಲೇ ಮಾತಾಡುವ ರೂಢಿ. ಮಗಳು ಒಂದು ದಿನ ಎದ್ದು, "ಸರ್, ಈ ಕಡೆ ತಿರುಗಿ ಹೇಳ್ರಿ, ಕೇಳಸವಲ್ದು," ಎಂದಳಂತೆ. ತರಗತಿ ನಕ್ಕಿತು. ಅವರಿಗೂ ಸ್ವಲ್ಪ ಸಿಟ್ಟು ಬಂತಂತೆ. ಅವಳು ಮನೆಗೆ ಬಂದು ಅತ್ತಳು. ಮರುದಿನ ನಾನೇ ಶಾಲೆಗೆ ಹೋಗುತ್ತೇನೆ ಎಂದರೆ ಬೇಡವೆಂದಳು.

ಏನಾಯಿತೆಂದು ನನಗೆ ಗೊತ್ತಾದದ್ದು ಪಾಲಕರ ಸಭೆಗೆ ಹೋದಾಗ. ಸಭೆ ಮುಗಿದ ಮೇಲೆ, ಎಂಟನೇ ತರಗತಿಯ ಬಾಗಿಲ ಹತ್ತಿರ ನಿಂತು ನೋಡಿದೆ. ಅದೇ ವಿಜ್ಞಾನದ ಸರ್ ಪಾಠ ಮಾಡುತ್ತಿದ್ದರು. ಬರೆಯುವುದನ್ನು ಬರೆದು, ಸೀಮೆಸುಣ್ಣ ಇಟ್ಟು, ತಿರುಗಿ ನಿಂತು ಆಮೇಲೆ ಮಾತಾಡುತ್ತಿದ್ದರು. ಒಬ್ಬ ಹುಡುಗನಿಗೆ ಸಂಶಯ ಬಂತು. ಅವನು ಕೈ ಎತ್ತಿದ. ಕೂಡಲೇ ಮಾತಾಡಲಿಲ್ಲ. ನನ್ನ ಮಗಳ ಮುಖ ತನ್ನ ಕಡೆ ತಿರುಗುವ ತನಕ ಕಾದ. ತಿರುಗಿತು. ಆಮೇಲೆ ಪ್ರಶ್ನೆ ಕೇಳಿದ. ಇನ್ನೊಬ್ಬಳು ಉತ್ತರ ಹೇಳಲು ಕೈ ಎತ್ತಿದಳು, ಅವಳೂ ಕಾದಳು. ಯಾರೂ ಇದೊಂದು ದೊಡ್ಡ ಕೆಲಸ ಎನ್ನುವಂತೆ ಮಾಡುತ್ತಿರಲಿಲ್ಲ. ಇಪ್ಪತ್ತು ಚಿಲ್ಲರೆ ಮಕ್ಕಳು, ಹದಿಮೂರು ಹದಿನಾಲ್ಕು ವಯಸ್ಸಿನವರು, ಚೇಷ್ಟೆ ಮಾಡುವ ವಯಸ್ಸಿನವರು, ಉಸಿರಾಡಿದಷ್ಟೇ ಸಹಜವಾಗಿ ಒಬ್ಬಳಿಗಾಗಿ ಕಾಯುತ್ತಿದ್ದರು.

ಹೆಡ್ ಮಾಸ್ತರರನ್ನು ಕೇಳಿದೆ. "ನಾ ಏನೂ ಮಾಡಿಲ್ರಿ," ಎಂದರು. "ಪ್ರಾರ್ಥನಾ ಆದಮ್ಯಾಲ ಒಂದಿನ ಹೇಳಿದೆ, ಮಾತಾಡೂ ಮುಂಚೆ ಕೈ ಎತ್ರಿ, ಅಕಿ ನೋಡೂತನಕ ತಡೀರಿ ಅಂತ. ಒಂದು ವಾರ ಮರ್ತ್ರು, ಆಮ್ಯಾಲ ರೂಢಿ ಆತು. ಈಗ ನಮ್ಮ ಸಾಲಿಯಾಗ ಒಬ್ರ ಮಾತಿನ ಮ್ಯಾಲ ಒಬ್ರು ಮಾತಾಡೂದು ನಿಂತೈತಿ. ನಿಮ್ಮ ಮಗಳಿಂದ ನಮಗ ಲಾಭ ಆಗೇತ್ರಿ."

ಕೈ ಮುಗಿದು ಬಂದೆ.

ಒಂಬತ್ತನೇ ತರಗತಿಯಲ್ಲಿ ಅವರು ಮೊದಲೇ ಹೇಳಿದ್ದ ತೊಂದರೆ ಬಂದೇ ಬಂತು. ಗಣಿತದ ಸರ್ ನಿವೃತ್ತರಾದರು, ಜಾಗ ಖಾಲಿ ಬಿತ್ತು. ಎರಡು ತಿಂಗಳು ಹೆಡ್ ಮಾಸ್ತರರೇ ಹೇಗೋ ತೂಗಿಸಿದರು. ಸಮಾಜ ವಿಜ್ಞಾನದವರು ಗಣಿತ ಎಷ್ಟು ಹೇಳಿಯಾರು? ಕಿರುಪರೀಕ್ಷೆಯಲ್ಲಿ ಮಗಳ ಅಂಕ ಇಳಿದವು. ನನ್ನ ಹಳೆಯ ಸಂಶಯ ಮತ್ತೆ ತಲೆ ಎತ್ತಿತು. "ನಾ ಹೇಳಿದ್ದ ಖರೆ ಇತ್ತು. ಹಳೇ ಊರಿನ ಸಾಲಿಗೆ ಹಾಕಬೇಕಾಗಿತ್ತು," ಎಂದು ಗಂಡನ ಮೇಲೆ ಹರಿಹಾಯ್ದೆ. ಅವರು ಟೈಲ್ಸ್ ಕೊರೆಯುವ ಮಷಿನ್ ಒರೆಸುತ್ತ ಕುಳಿತರು.

ಅದಾಗಿ ಒಂದು ವಾರಕ್ಕೆ ಮಗಳು ಶಾಲೆಯಿಂದ ಓಡಿ ಬಂದಳು. "ಯವ್ವಾ, ಗಣಿತಕ್ಕ ಹೊಸ ಟೀಚರ್ ಬಂದ್ರು. ವಾರಕ್ಕ ಮೂರು ದಿನ ಬರ್ತಾರಂತ. ಯಾರು ಹೇಳು?"

"ನನಗೇನು ಗೊತ್ತು?"

"ನೀ ಜಗಳಾ ಆಡಿದ್ಯಲ್ಲ, ಹಳೇ ಊರಿನ ಸಾಲಿಯಾಗ? ಅವ್ರು!"

ನನಗೆ ನಾಚಿಕೆಯಾಯಿತು. ಮುಂದಿನ ಪಾಲಕರ ಸಭೆಗೆ ಹೋಗುವುದು ಹೇಗೆ ಎಂದು ಆಗಲೇ ಚಿಂತೆ ಹತ್ತಿತು. ಆದರೆ ಸಭೆಗೆ ಮೊದಲೇ ಅವರು ನನ್ನ ಬಸ್ಸಿಗೆ ಬಂದರು. ಒಂದು ಸೋಮವಾರ ಬೆಳಿಗ್ಗೆ ಇಳಕಲ್ ನಿಲ್ದಾಣದಲ್ಲಿ, ತವರಿನಿಂದ ಮರಳುತ್ತಿದ್ದವರು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹತ್ತಿದರು. ಇತ್ತೀಚೆಗೆ ಹೆಂಗಸರಿಗೆ ಬಸ್ಸು ಉಚಿತವಾಗಿದ್ದರಿಂದ ಗಾಡಿ ತುಂಬಿ ತುಳುಕುತ್ತಿತ್ತು. ನಾನು ಟಿಕೆಟ್ ಕೊಡುತ್ತ ಕೊಡುತ್ತ ಅವರ ಸೀಟಿನ ಹತ್ತಿರ ಬಂದೆ. ಅವರು ಆಧಾರ್ ಕಾರ್ಡ್ ತೋರಿಸಿದರು. ನಾನು ಮುಖ ಎತ್ತಲಿಲ್ಲ.

"ಕರದಂಟಿಗೆ ಗಂಟು ಅಂದಾಕಿ ತಾಯಿ ಅಲ್ರಿ ನೀವು?" ಎಂದರು. ನಗುತ್ತಿದ್ದರು.

ಅಮೀನಗಡದಲ್ಲಿ ಬಸ್ಸು ಅರ್ಧ ಖಾಲಿಯಾಯಿತು. ಚಾಲಕರು ಚಹಾಕ್ಕೆ ಇಳಿದರು. ನಾನು ಹೋಗಿ ಅವರ ಪಕ್ಕ ಕುಳಿತೆ.

"ಟೀಚರ್, ಅವತ್ತ ನಾ ಭಾಳ ಜೋರಿಲೆ ಮಾತಾಡಿದೆ. ತಪ್ಪಾತು," ಎಂದೆ.

"ಬಿಡ್ರಿ. ತಾಯಿ ಅದೀರಿ, ಮಾತಾಡದಿದ್ರ ಹೆಂಗ?" ಎಂದರು. ಆಮೇಲೆ ಹೇಳಿದರು: "ನಿಮ್ಮ ಮಗಳಿಗಿಂತ ಆರೇಳು ವರ್ಷ ಮೊದಲ ಒಬ್ಬಾಕಿ ಹುಡುಗಿ ಇದ್ಲು ನನ್ನ ವರ್ಗದಾಗ. ಅಕಿಗೂ ಕಿವಿ ಮಷಿನ್ ಇತ್ತು. ಭಾಳ ಶಾಣ್ಯಾಕಿ, ಗದ್ದಲಿಲ್ಲ, ಏನಿಲ್ಲ. ನಾ ಎಲ್ಲಾರಿಗೂ ಅಕಿನ್ನ ತೋರಸ್ತಿದ್ದೆ, ನೋಡ್ರಿ ಹೆಂಗ ಸುಮ್ನ ಕುಂಡ್ರತಾಳ ಅಂತ. ಮೂರು ವರ್ಷ ಒಂದು ಪ್ರಶ್ನೆ ಕೇಳಲಿಲ್ಲ. ಬೀಳ್ಕೊಡುಗಿ ದಿನ ನನ್ನ ಕೈ ಹಿಡದು, ಟೀಚರ್, ನೀವು ಏನು ಹೇಳ್ತಿದ್ರಿ ನನಗ ಅರ್ಧ ಕೇಳಸ್ತಿರಲಿಲ್ಲ, ಆದ್ರ ನೀವು ಭಾಳ ಚಲೋ ಇದ್ರಿ ಅಂದ್ಲು. ಅವತ್ತಿನಿಂದ ಆ ಮಾತು ನನ್ನ ಬಿಟ್ಟಿಲ್ರಿ."

"ಈಗ ಇಷ್ಟು ದೂರ ನಿಮ್ಮನ್ನ ಯಾರು ಹಾಕಿದ್ರು?" ಎಂದು ಕೇಳಿದೆ.

"ಯಾರೂ ಹಾಕಿಲ್ಲ. ಆ ಸಾಲಿಗೆ ಗಣಿತದವ್ರು ಇಲ್ಲ, ವಾರದಾಗ ಮೂರು ದಿನ ಯಾರರ ಹೋಗ್ತೀರೇನು ಅಂತ ಆಫೀಸಿನವ್ರು ಕೇಳಿದ್ರು. ನಾ ಕೈ ಎತ್ತಿದೆ."

ಬಾಗಲಕೋಟೆ ಬರುವ ತನಕ ನಾನು ಆ ಸೀಟಿನ ಹತ್ತಿರವೇ ನಿಂತಿದ್ದೆ. ಇಳಿಯುವಾಗ ಅವರ ಡಬ್ಬಿ ಹಿಡಿದು, ಅವರು ಕೆಳಗೆ ಕಾಲಿಟ್ಟ ಮೇಲೆ ಕೊಟ್ಟೆ. ನನ್ನ ಕೈಲಾದ ಮರ್ಯಾದೆ ಅಷ್ಟು.

ಆ ಮೂರು ದಿನದ ಗಣಿತ ಎರಡು ವರ್ಷ ನಡೆಯಿತು. ಸಣ್ಣ ಕೋಣೆಯಲ್ಲಿ ಒದರುವ ಅಗತ್ಯವಿಲ್ಲದ್ದಕ್ಕೆ ಅವರ ಗಂಟಲಿಗೂ ಸುಖವಾಯಿತಂತೆ. ಮಗಳು ಗಣಿತದಲ್ಲಿ ಒಂದು ಲೆಕ್ಕಕ್ಕೆ ಮೂರು ಸಲ ಎದ್ದು ಪ್ರಶ್ನೆ ಕೇಳುವವಳಾದಳು. "ಬೇಟಾ, ಇನ್ನ ಸಾಕು ಮಾಡು, ಉಳದಾವ್ರಿಗೂ ಬಿಡು," ಎಂದು ಅವರು ಗದರಿದ್ದನ್ನು ಅವಳು ಮನೆಗೆ ಬಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಅವಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ಊರಿಗೆ ಮೊದಲು ಬರಲಿಲ್ಲ, ಶಾಲೆಗೂ ಮೊದಲು ಬರಲಿಲ್ಲ. ಇಂಗ್ಲಿಷಿನಲ್ಲಿ ಕಡಿಮೆ, ಹಿಂದಿಯಲ್ಲಿ ಇನ್ನೂ ಕಡಿಮೆ. ಅಲ್ಲಿ ಹಿಂದಿಗೆ ಕೊನೆಯವರೆಗೂ ಕಾಯಂ ಶಿಕ್ಷಕರು ಬರಲೇ ಇಲ್ಲ. ಇದನ್ನೂ ನಾನು ಹೇಳಬೇಕು. ಹಳೇ ಊರಿನ ಶಾಲೆಯ ಫಲಕಕ್ಕೆ ಆ ವರ್ಷವೂ ಹೊಸ ಹೆಸರು ಸೇರಿತು. ನಮ್ಮ ಪಕ್ಕದ ಮನೆಯ ಹುಡುಗಿ ನವನಗರದ ಶಾಲೆಯಲ್ಲೇ ಓದಿದಳು. ಆ ಸ್ಮಾರ್ಟ್ ಬೋರ್ಡಿನಲ್ಲಿ ನೋಡಿದ ಹೃದಯದ ಚಿತ್ರದಿಂದಲೇ ತನಗೆ ನರ್ಸ್ ಆಗುವ ಆಸೆ ಹುಟ್ಟಿತು ಎನ್ನುತ್ತಾಳೆ. ಮೂರು ಶಾಲೆಗಳನ್ನೂ ಅಕ್ಕಪಕ್ಕ ಇಟ್ಟು ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಹೊರಟಿದ್ದ ನಾನು, ಈಗ ಮೂರರ ಮುಂದೆ ಹೋಗುವಾಗಲೂ ಮನಸ್ಸಿನಲ್ಲಿ ನಮಸ್ಕಾರ ಮಾಡುತ್ತೇನೆ. ಒಂದು ಶಾಲೆ ಮಗಳನ್ನು ಓದಿಸಿತು. ಇನ್ನೊಂದು ನಮಗೆ ಸತ್ಯ ಹೇಳಿತು. ಮತ್ತೊಂದು ನನ್ನ ಗಂಡನ ಕೈಕೆಲಸದ ಮೇಲೆ ನೂರಾರು ಮಕ್ಕಳನ್ನು ನಡೆಸುತ್ತಿದೆ.

ಮಗಳು ಈಗ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ. ಕಾಲೇಜು ಶುರುವಾದ ದಿನ ನಾನೂ ಜೊತೆಗೆ ಹೋದೆ. ದೊಡ್ಡ ಕೋಣೆ, ತುಂಬಾ ಹುಡುಗರು, ಮೇಲೆ ನಾಲ್ಕು ಫ್ಯಾನು. ಉಪನ್ಯಾಸಕರನ್ನು ಕಂಡು ಎಲ್ಲ ಹೇಳಿಬಿಡೋಣ ಎಂದು ಮುಂದೆ ಹೆಜ್ಜೆ ಇಟ್ಟೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೀ ಇಲ್ಲೇ ನಿಂದ್ರು. ನಾ ಹೇಳ್ತೇನಿ."

ಒಳಗೆ ಹೋಗಿ ಉಪನ್ಯಾಸಕರ ಎದುರಿಗೆ ನಿಂತು ಏನೋ ಹೇಳಿದಳು. ಅವರು ಕೇಳಿಸಿಕೊಂಡು, ತಲೆಯಾಡಿಸಿ, ಕಿಟಕಿಯ ಬದಿಯ ಒಂದು ಬೆಂಚು ತೋರಿಸಿದರು. ಅವಳು ಅಲ್ಲಿ ಕುಳಿತು, ಬಲಕ್ಕೆ ತಿರುಗಿ, ಪಕ್ಕದ ಹುಡುಗಿಯ ಹೆಸರು ಕೇಳಿದಳು. ನಾನು ಬಾಗಿಲಲ್ಲಿದ್ದೇನೆ ಎಂಬುದನ್ನು ಮರೆತೇಬಿಟ್ಟಿದ್ದಳು. ಒಂಬತ್ತೂವರೆಗೆ ನನ್ನ ಡ್ಯೂಟಿ ಇತ್ತು. ಗೇಟಿನ ಹತ್ತಿರ ಸಿಕ್ಕ ಆಟೋ ಹತ್ತಿ ಡಿಪೋಕ್ಕೆ ಹೋದೆ.